ಅತ್ತೆಯನ್ನು ಕೇಳದೆ ಬರೆದ ಉತ್ತರ

ಹೋದ ತಿಂಗಳು ಮಾದಿಹಳ್ಳಿಯಲ್ಲಿ ಬಸ್ಸಿಳಿದು ನೆಂಟರ ಮನೆಗೆ ನಡೆದು ಹೋಗುವಾಗ ಹಾಲಿನ ಡೇರಿಯ ಮುಂದೆ ಲಾರಿಯಿಂದ ಬೂಸಾ ಮೂಟೆಗಳನ್ನು ಇಳಿಸುತ್ತಿದ್ದರು. ಒಂದು ಮೂಟೆಯ ಹೊಲಿಗೆ ಬಿಚ್ಚಿಕೊಂಡು ಧೂಳು ರಸ್ತೆಯ ತನಕ ಎದ್ದಿತು. ಆ ವಾಸನೆ ಮೂಗಿಗೆ ಬಡಿದು, ಗಂಟಲು ಹಿಡಿದು, ಎರಡು ಸಲ ಕೆಮ್ಮಿದೆ. ಕೆಮ್ಮಿದವಳು ಅಲ್ಲೇ ನಿಂತುಬಿಟ್ಟೆ. ಬೂಸಾದ ಧೂಳಿಗೆ ಬರುವ ಕೆಮ್ಮು ಎಷ್ಟು ಹೊತ್ತು ಇರುತ್ತದೆ ಎಂದು ನಾನು ಅಲ್ಲಿಯವರೆಗೂ ಗಮನಿಸಿರಲಿಲ್ಲ. ಧೂಳು ನೆಲಕ್ಕಿಳಿಯುವುದರೊಳಗೆ ಅದು ನಿಂತುಹೋಗಿತ್ತು.

ಆ ವರ್ಷದ್ದೆಲ್ಲ ಅಲ್ಲಿ, ಆ ಬಿಸಿಲಿನಲ್ಲಿ, ಮತ್ತೆ ಎದುರಿಗೆ ಬಂತು.

ಆಗ ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಊರು ಅರಸೀಕೆರೆ. ಅಪ್ಪ ಕೊಬ್ಬರಿ ವ್ಯಾಪಾರಿ. ಕೆಲಸವಿದ್ದಾಗ ಲ್ಯಾಬಿನಲ್ಲಿ, ಇಲ್ಲದಾಗ ಮನೆಯಲ್ಲಿ. ಹಾಸನದ ಮೇಲೆ ಹಾದು ಹೋಗುವ ರೈಲಿನಲ್ಲಿ ಕೂತು ಓದಿದ್ದೇ ಹೆಚ್ಚು. ನನ್ನ ವಿಷಯ ಮೈಕ್ರೊ ಆರ್‌ಎನ್‌ಎ. ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತಿದ್ದೆ: ನಮ್ಮ ಮೈಯ ಒಂದೊಂದು ಜೀವಕೋಶದೊಳಗೂ ಏನು ತಯಾರಾಗಬೇಕು ಎಂಬ ಸಂದೇಶಗಳು ಓಡಾಡುತ್ತಿರುತ್ತವೆ. ಇಪ್ಪತ್ತೆರಡು ಅಕ್ಷರಗಳಷ್ಟು ಉದ್ದದ ಈ ಪುಟ್ಟ ತುಣುಕುಗಳು ಹೋಗಿ ಆ ಸಂದೇಶಗಳಿಗೆ ಅಂಟಿಕೊಂಡು, ಅವುಗಳನ್ನು ಓದಲು ಬಿಡುವುದಿಲ್ಲ. ಶ್ವಾಸಕೋಶದಲ್ಲಿ ಕೋಶಗಳು ಮಿತಿಮೀರಿ ಬೆಳೆಯದಂತೆ ಹಿಡಿದಿಡುವ ತುಣುಕುಗಳಿವೆ. ಕ್ಯಾನ್ಸರ್ ಬಂದಾಗ ಅವು ಕಡಿಮೆಯಾಗುತ್ತವೆ. ಬೆಳವಣಿಗೆಗೆ ಇರುವ ತಡೆಯನ್ನೇ ತೆಗೆದುಹಾಕುವ ಬೇರೆ ತುಣುಕುಗಳು ಹೆಚ್ಚಾಗುತ್ತವೆ. ಇನ್ನು ಕೆಲವು, ಕೋಶಗಳು ಒಂದನ್ನೊಂದು ಬಿಡದೆ ಅಂಟಿಕೊಂಡಿರುವಂತೆ ನೋಡಿಕೊಳ್ಳುತ್ತವೆ. ಅವು ಬತ್ತಿದಾಗ ಕೋಶ ಕಳಚಿಕೊಂಡು, ರಕ್ತಕ್ಕಿಳಿದು, ಮೂಳೆಗೋ ಮೆದುಳಿಗೋ ಹೋಗಿ ಅಲ್ಲಿ ಮನೆ ಮಾಡುತ್ತದೆ. ಈ ತುಣುಕುಗಳು ರಕ್ತದಲ್ಲೂ ಸಿಗುವುದರಿಂದ, ಅವುಗಳನ್ನು ಅಳೆದು ರೋಗವನ್ನು ಬೇಗ ಗುರುತಿಸಲು ಆಗುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ರೋಗಿಗಳ ರಕ್ತ ಆಸ್ಪತ್ರೆಯಿಂದ ಬಂದಿತ್ತು. ಹೋಲಿಸಿ ನೋಡುವುದಕ್ಕೆ ಆರೋಗ್ಯವಂತರ ರಕ್ತ ಬೇಕಿತ್ತು. ಐವತ್ತು ದಾಟಿದ, ಬೀಡಿ ಸಿಗರೇಟು ಮುಟ್ಟದ ಹಳ್ಳಿಯ ಜನ ಸಿಕ್ಕಿದರೆ ಒಳ್ಳೆಯದು ಎಂದು ನನ್ನ ಗೈಡ್ ಮೇಡಂ ಹೇಳಿದಾಗ ನನಗೆ ಮೊದಲು ನೆನಪಾದದ್ದು ಗಿರಿಜತ್ತೆ.

ಅವಳು ಅಪ್ಪನ ಅಕ್ಕ. ಮಾದಿಹಳ್ಳಿಗೆ ಮದುವೆಯಾಗಿ ಹೋದವಳು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಗದ್ದೆ, ತೆಂಗು, ನಾಲ್ಕು ಹಸು ಎಲ್ಲವನ್ನೂ ಮಗ ಸೊಸೆಯ ಜೊತೆ ಅವಳೇ ನಿಂತು ನೋಡಿಕೊಳ್ಳುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ ಅವಳು ಊರಿನ ಮಹಿಳಾ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಸಂಜೆ ಪ್ರತಿಯೊಬ್ಬರ ಹಾಲಿನಲ್ಲೂ ಒಂದಿಷ್ಟು ತೆಗೆದು, ಡಿಗ್ರಿ ನೋಡಿ, ಫ್ಯಾಟ್ ನೋಡಿ, ಬರೆಯುತ್ತಿದ್ದಳು. ಮಿಷಿನ್ ಬಂದ ಮೇಲೂ ಅವಳ ಕಣ್ಣು ತಪ್ಪಿಸಿ ನೀರು ಬೆರೆಸಿದವರಿಲ್ಲ. ಊರಿನ ಹೆಂಗಸರು ಅವಳ ಮಾತು ಕೇಳುತ್ತಿದ್ದರು. ನಾನು ಫೋನು ಮಾಡಿದ ಎರಡನೆಯ ವಾರಕ್ಕೆ ಮೂವತ್ತು ಜನರನ್ನು ಒಪ್ಪಿಸಿದ್ದಳು. ಹೆಂಗಸರೇ ಹೆಚ್ಚು, ಒಂದಿಷ್ಟು ಗಂಡಸರು.

ಶಿವರಾತ್ರಿ ಕಳೆದ ಮೇಲಿನ ಒಂದು ಬೆಳಿಗ್ಗೆ ಮೈಸೂರಿನಿಂದ ವ್ಯಾನಿನಲ್ಲಿ ಹೋದೆವು. ಹಾಲಿನ ವ್ಯಾನು ಹೊರಟ ಮೇಲೆ ಡೇರಿಯ ಜಗಲಿಯಲ್ಲೇ ಮೇಜು ಹಾಕಿದೆವು. ನರ್ಸೊಬ್ಬರು ರಕ್ತ ತೆಗೆಯುವುದು, ನಾನು ಪ್ರತಿಯೊಬ್ಬರಿಗೂ ಒಪ್ಪಿಗೆಯ ಪತ್ರ ಓದಿ ಹೇಳಿ, ಪ್ರಶ್ನೆಗಳ ಹಾಳೆ ತುಂಬುವುದು. ಹಾಳೆಯಲ್ಲೂ ನಳಿಗೆಯಲ್ಲೂ ಹೆಸರಿರಲಿಲ್ಲ. ಕಲಸಿಟ್ಟ ನಂಬರ್ ಚೀಟಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ನರ್ಸು ಎರಡಕ್ಕೂ ಅಂಟಿಸಿ, ಹೆಸರಿನ ಪಟ್ಟಿಯನ್ನು ಬೇರೆ ಲಕೋಟೆಯಲ್ಲಿಡುತ್ತಿದ್ದರು. ಅದು ಮೇಡಂ ಬೀರುವಿಗೆ ಹೋಗಬೇಕಾದದ್ದು.

ರಕ್ತವನ್ನು ಎರಡು ಗಂಟೆಯೊಳಗೆ ಯಂತ್ರದಲ್ಲಿ ತಿರುಗಿಸಿ ಮೇಲಿನ ಹಳದಿ ನೀರು ಬೇರೆ ಮಾಡದಿದ್ದರೆ ಅದು ಕೆಡುತ್ತದೆ. ಯಂತ್ರ ಇದ್ದದ್ದು ಹಳೇಬೀಡಿನ ಒಂದು ಕ್ಲಿನಿಕ್ಕಿನಲ್ಲಿ. ಹಾಗಾಗಿ ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಮೂವತ್ತು ಜನ ಮುಗಿದರು. ಎಲ್ಲರನ್ನೂ ಕರೆತಂದು ಕೂರಿಸಿ, ಹೆದರಿದವರ ಕೈ ಹಿಡಿದುಕೊಂಡು, ಎಲ್ಲರಿಗೂ ಹಾಲು ಬಾಳೆಹಣ್ಣು ಕೊಟ್ಟ ಅತ್ತೆ ಕೊನೆಗೆ ತಾನೂ ಬಂದು ಕೂತಳು. ನರ್ಸು ಅವಳ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು.

ಏನತ್ತೆ ಕೆಮ್ಮು ಎಂದೆ.

“ಬೂಸಾ ಧೂಳು ಕಣೇ. ನೀನು ಬೇಗ ಬರ್ಕೊ, ವ್ಯಾನಿಗೆ ಹೊತ್ತಾಯ್ತದೆ.”

ಹಾಳೆಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಅತ್ತೆಯ ವಯಸ್ಸು ನನಗೆ ಗೊತ್ತು, ಅವಳು ಬೀಡಿ ಸೇದುವವಳಲ್ಲ ಎಂದು ಗೊತ್ತು, ಸಕ್ಕರೆ ಕಾಯಿಲೆ ಇಲ್ಲವೆಂದು ಗೊತ್ತು. ಉಳಿದವರಿಗೆಲ್ಲ ಒಂದೊಂದೇ ಪ್ರಶ್ನೆ ಓದಿ ಉತ್ತರ ಕಾದು ಬರೆದಿದ್ದ ನಾನು, ಅತ್ತೆಯ ಹಾಳೆಯನ್ನು ಅವಳ ಮುಖ ನೋಡದೆ ಒಂದೇ ಉಸಿರಿಗೆ ತುಂಬಿದೆ. ಒಂಬತ್ತನೆಯ ಪ್ರಶ್ನೆ, ಮೂರು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮು ಇದೆಯೇ? ಇಲ್ಲ ಎಂದು ಬರೆದೆ. ಇದೆ ಎಂದವರ ರಕ್ತ ತೆಗೆಯುವ ಹಾಗಿರಲಿಲ್ಲ. ಅವರಿಗೆ ಆಸ್ಪತ್ರೆಗೆ ಹೋಗಲು ಚೀಟಿ ಕೊಡಬೇಕು ಎಂದು ಅದರ ಕೆಳಗೇ ಅಚ್ಚಾಗಿತ್ತು.

ಹಳೇಬೀಡಿನ ಕ್ಲಿನಿಕ್ಕಿಗೆ ಸಮಯಕ್ಕೆ ಸರಿಯಾಗಿ ಮುಟ್ಟಿದೆವು. ನನಗೆ ಬಹಳ ಖುಷಿಯಾಗಿತ್ತು.

ಆಷಾಢದಲ್ಲಿ ಸೋನೆ ಹಿಡಿಯಿತು. ನಾನು ಮೈಸೂರಿನಲ್ಲಿ ನಳಿಗೆಗಳೊಳಗಿನ ಆರು ಬಗೆಯ ತುಣುಕುಗಳನ್ನು ಅಳೆಯುತ್ತಿದ್ದಾಗ ಅಪ್ಪ ಫೋನು ಮಾಡಿ ಗಿರಿಜಕ್ಕನಿಗೆ ಟಿಬಿ ಅಂತೆ ಎಂದರು. ಕೆಮ್ಮು ನಿಲ್ಲದೆ, ಮೈ ಇಳಿದು, ಎಕ್ಸ್‌ರೇ ತೆಗೆಸಿದಾಗ ಬಲಗಡೆ ಮೇಲ್ಭಾಗದಲ್ಲಿ ಬಿಳಿ ನೆರಳು ಕಂಡಿತ್ತು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಆದರೂ ನಮ್ಮ ಕಡೆ ಅಂಥ ನೆರಳಿಗೆ ಮೊದಲು ಬರುವ ಯೋಚನೆ ಟಿಬಿಯೇ. ಮಾತ್ರೆ ಶುರುವಾಗಿದ್ದವು. ನಾನು ಅಪ್ಪನಿಗೆ ಧೈರ್ಯ ಹೇಳಿದೆ. ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಈಗ ಯಾರೂ ಅದಕ್ಕೆ ಸಾಯುವುದಿಲ್ಲ ಎಂದೆ. ಶ್ವಾಸಕೋಶದ ಮೇಲೆ ನಾಲ್ಕು ವರ್ಷದಿಂದ ಓದುತ್ತಿದ್ದವಳ ಮಾತು ಎಂದು ಅವರು ನಂಬಿದರು.

ಆ ತಿಂಗಳಲ್ಲಿ ಒಂದು ಭಾನುವಾರ ಮಾದಿಹಳ್ಳಿಗೆ ಹೋದೆ. ಅತ್ತೆ ಡೇರಿಗೆ ಹೋಗುತ್ತಿರಲಿಲ್ಲ. ಅವಳ ಜೊತೆಯ ಲಲಿತಮ್ಮ, ಎಷ್ಟೋ ವರ್ಷದಿಂದ ಒಂದೇ ಬೀದಿಯವಳು, ಸಾಲಿನಲ್ಲಿ ನಿಂತಿದ್ದಾಗ ಎಲ್ಲರೆದುರು ಹೇಳಿದ್ದಳಂತೆ: ಹಾಲು ಊರೆಲ್ಲ ಕುಡಿಯೋದು, ಗಿರಿಜಕ್ಕ ಸ್ವಲ್ಪ ದಿನ ಮುಟ್ಟದೆ ಇದ್ದರೆ ವಾಸಿ. ಯಾರೂ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅತ್ತೆ ಕೈ ತೊಳೆದು, ಬೀಗದ ಕೈಯನ್ನು ಕಾರ್ಯದರ್ಶಿಗೆ ಕೊಟ್ಟು ಮನೆಗೆ ಬಂದಿದ್ದಳು. ಇದನ್ನು ನನಗೆ ಹೇಳಿದ್ದು ಅವಳ ಸೊಸೆ. ಅತ್ತೆ ಅದರ ಮಾತೇ ಎತ್ತಲಿಲ್ಲ. ಕಿಟಕಿಯ ಹತ್ತಿರ ಕೂತು, ಸಂಜೆ ಕ್ಯಾನು ಹಿಡಿದು ಹೋಗುವವರನ್ನು ನೋಡುತ್ತಿದ್ದಳು. ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಳು. ನಾನು ಹತ್ತಿರ ಕೂತರೆ ದೂರ ಸರಿಯುತ್ತಿದ್ದಳು.

ಶ್ರಾವಣದ ಹೊತ್ತಿಗೆ ನನ್ನ ಲೆಕ್ಕಗಳೆಲ್ಲ ಮುಗಿದು ಕಂಪ್ಯೂಟರಿನಲ್ಲಿ ಚಿತ್ರ ಮೂಡಿತು. ಒಂದು ಕಡೆ ರೋಗಿಗಳ ಚುಕ್ಕಿಗಳು, ಇನ್ನೊಂದು ಕಡೆ ಆರೋಗ್ಯವಂತರ ಚುಕ್ಕಿಗಳು. ನಡುವೆ ಚೆನ್ನಾಗಿ ಜಾಗ ಬಿಟ್ಟಿತ್ತು. ಆದರೆ ಮಾದಿಹಳ್ಳಿಯ ಒಂದು ಚುಕ್ಕಿ ಹೋಗಿ ರೋಗಿಗಳ ನಡುವೆ ಕೂತಿತ್ತು. ಮೇಡಂ ಆ ನಳಿಗೆಯನ್ನು ತರಿಸಿ ಬೆಳಕಿಗೆ ಹಿಡಿದರು. ಹಳದಿ ಇರಬೇಕಾದ ನೀರು ನಸುಗೆಂಪಾಗಿತ್ತು. ದಾರಿಯಲ್ಲಿ ಕುಲುಕಿ ರಕ್ತಕಣ ಒಡೆದಿದೆ, ಒಡೆದ ಕಣದೊಳಗಿನ ತುಣುಕುಗಳು ಹೊರಗೆ ಬಂದು ಲೆಕ್ಕ ತಪ್ಪಿಸಿವೆ, ಇದನ್ನು ತೆಗೆದುಬಿಡಿ ಎಂದರು. ಹಾಗಾಗುವುದು ನಿಜ, ಪುಸ್ತಕದಲ್ಲೂ ಇದೆ. ತೆಗೆದುಬಿಟ್ಟೆ. ಚಿತ್ರ ಇನ್ನೂ ಚೆನ್ನಾಯಿತು.

ದಸರೆಯ ಹೊತ್ತಿಗೆ ಅತ್ತೆ ಕಫದ ಜೊತೆ ರಕ್ತ ಉಗುಳಿದಳು. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಮೈಸೂರಿಗೆ ಕರೆತಂದೆವು. ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡಿದರು. ಶ್ವಾಸಕೋಶದ ಕ್ಯಾನ್ಸರ್. ಪಕ್ಕೆಲುಬಿಗೂ ಬೆನ್ನಿನ ಮೂಳೆಗೂ ಹರಡಿತ್ತು. ಆಪರೇಷನ್ನಿನ ಕಾಲ ಮೀರಿದೆ, ಆದರೆ ಈ ಬಗೆಗೆ ದಿನಾ ನುಂಗುವ ಮಾತ್ರೆ ಇದೆ, ಒಂದಷ್ಟು ಕಾಲ ಹಿಡಿದಿಡುತ್ತದೆ ಎಂದರು ಡಾಕ್ಟರು. ಅಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಅವಳು ಒಂದು ದಿನ ಬೀಡಿ ಮುಟ್ಟಿದೋಳಲ್ಲ, ಹೆಂಗೆ ಬಂತು ಎಂದು ನನ್ನನ್ನು ಕೇಳಿದರು. ಮದುವೆಯಾದಂದಿನಿಂದ ಸೌದೆ ಒಲೆಯ ಮುಂದೆ ಕೂತದ್ದಿರಬಹುದು, ಇಲ್ಲದೆಯೂ ಇರಬಹುದು.

ಆದರೆ ಆ ಬೆಂಚಿನ ಮೇಲೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನಸುಗೆಂಪಾಗಿದ್ದ ಆ ನಳಿಗೆ. ಅದು ಅತ್ತೆಯದೇ ಎಂದು ನನಗೆ ಅನುಮಾನವೇ ಉಳಿದಿರಲಿಲ್ಲ. ರೋಗವಿದೆ ಎಂದು ರಕ್ತ ಹೇಳಿತ್ತು, ನಾನು ಚಿತ್ರ ಕೆಡುತ್ತದೆ ಎಂದು ತೆಗೆದು ಎಸೆದಿದ್ದೆ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಹೆಸರು ಬಿಚ್ಚಿ ನೋಡಬೇಕಾದರೆ ಸಂಶೋಧನೆಗಳ ಮೇಲೆ ಕಣ್ಣಿಟ್ಟಿರುವ ನೀತಿ ಸಮಿತಿಯ ಅನುಮತಿ ಬೇಕು. ಅವರು ಅವತ್ತೇ ಪತ್ರ ಬರೆದರು. ಹತ್ತು ದಿನಕ್ಕೆ ಅನುಮತಿ ಬಂತು.

ಮೇಡಂ ಬೀರು ತೆಗೆದು, ಲಕೋಟೆ ಒಡೆದು, ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. ಆ ಕೆಂಪು ನಳಿಗೆ ಅತ್ತೆಯದಾಗಿರಲಿಲ್ಲ. ಊರಿನ ಬೇರೊಬ್ಬರದು. ಅವರನ್ನು ಮುಂದಿನ ವಾರವೇ ಕರೆಸಿ ಮತ್ತೆ ರಕ್ತ ತೆಗೆದು, ಎದೆಯ ಸ್ಕ್ಯಾನೂ ಮಾಡಿಸಿದೆವು. ಅವರಿಗೆ ಏನೂ ಇರಲಿಲ್ಲ. ಕಣ ಒಡೆದಿದೆ ಎಂದು ಮೇಡಂ ಹೇಳಿದ್ದು ಸರಿಯಾಗಿತ್ತು.

ಅತ್ತೆಯ ನಂಬರು ಹಿಡಿದು ಚಿತ್ರದಲ್ಲಿ ಹುಡುಕಿದೆ. ಅವಳ ಚುಕ್ಕಿ ಆರೋಗ್ಯವಂತರ ಗುಂಪಿನ ನಟ್ಟನಡುವೆ ಇತ್ತು. ಆರು ತುಣುಕುಗಳಲ್ಲಿ ಒಂದೂ ಮೇಲೆ ಹೋಗಿರಲಿಲ್ಲ, ಕೆಳಗೆ ಬಂದಿರಲಿಲ್ಲ. ಆರೋಗ್ಯ ಎಂದರೆ ಹೀಗಿರುತ್ತದೆ ಎಂದು ತೋರಿಸಲು ನಾನು ಅತ್ತೆಯ ರಕ್ತವನ್ನೇ ಬಳಸಿದ್ದೆ. ಪಕ್ಕೆಲುಬಿನವರೆಗೆ ಹೋಗಲಿದ್ದ ರೋಗ ಆಗಲೇ ಅವಳ ಎದೆಯಲ್ಲಿ ಇದ್ದಿರಬೇಕು. ನನ್ನ ತುಣುಕುಗಳಿಗೆ ಅದು ಕಾಣಲಿಲ್ಲ.

ಮೇಡಂ ಪ್ರಶ್ನೆಗಳ ಹಾಳೆಯನ್ನೂ ತೆಗೆದರು. ಒಂಬತ್ತನೆಯದರ ಮೇಲೆ ಬೆರಳಿಟ್ಟರು.

“ಇದನ್ನ ಅವರನ್ನ ಕೇಳಿ ಬರೆದ್ರಾ, ಸುಧಾ?”

“ಇಲ್ಲ ಮೇಡಂ.”

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಮಡಚಿ ಒಳಗಿಟ್ಟು, ಮೂವತ್ತೊಂದು ಜನರನ್ನೂ ಮತ್ತೆ ಕೇಳಬೇಕು, ಎರಡು ಅಧ್ಯಾಯ ಹೊಸದಾಗಿ ಬರೆಯಬೇಕು, ಏನಾಯಿತೆಂದು ಸಮಿತಿಗೆ ನೀವೇ ಬರೆಯಿರಿ, ನಾನು ಕೆಳಗೆ ಸಹಿ ಹಾಕುತ್ತೇನೆ ಎಂದರು. ಅತ್ತೆಯ ವಿಷಯ ಪ್ರಬಂಧದಲ್ಲಿ ಸೇರಿಸಬೇಕಾದರೆ ಅವರ ಒಪ್ಪಿಗೆ ಬೇಕು ಎಂದೂ ನೆನಪಿಸಿದರು.

ಒಪ್ಪಿಗೆ ಕೇಳಬೇಕಾದರೆ ಎಲ್ಲ ಹೇಳಬೇಕು. ದೀಪಾವಳಿ ಹೋಯಿತು, ಕಾರ್ತಿಕ ಹೋಯಿತು. ಎರಡು ಸಲ ಮಾದಿಹಳ್ಳಿಗೆ ಹೋಗಿ ಏನೂ ಹೇಳದೆ ವಾಪಸ್ಸು ಬಂದೆ. ಮಾತ್ರೆ ಹಿಡಿದಿತ್ತು. ಅತ್ತೆಗೆ ಹಸಿವು ಬಂದಿತ್ತು, ಕೆಮ್ಮು ತಗ್ಗಿತ್ತು. ಟಿಬಿ ಅಲ್ಲ, ಅಂಟುವ ರೋಗವಲ್ಲ ಎಂದು ಗೊತ್ತಾದ ಮೇಲೆ ಡೇರಿಯವರೇ ಬಂದು ಕರೆದಿದ್ದರು. ಅವಳು ಹೋಗಿ ಬೀಗದ ಕೈ ತೆಗೆದುಕೊಂಡಿದ್ದಳು. ನನ್ನನ್ನು ನೋಡಿದಾಗಲೆಲ್ಲ, ನೀನಿದ್ದೀಯಲ್ಲ ಕಣೇ, ಈ ರೋಗಾನೇ ಓದಿದೋಳು, ನಂಗೇನು ಭಯ ಎನ್ನುತ್ತಿದ್ದಳು. ಆ ಮಾತು ಕೇಳಿ ಕೇಳಿ ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ, ಹಾಲಿನ ವ್ಯಾನು ಹೋದ ಮೇಲೆ, ಅವಳು ಡೇರಿಯಲ್ಲಿ ಒಬ್ಬಳೇ ಸಾಮಾನು ತೊಳೆಯುತ್ತಿದ್ದಾಗ ಹೋಗಿ ಹೇಳಿಬಿಟ್ಟೆ. ಕೆಂಪಾಗಿದ್ದ ನಳಿಗೆಯ ಕಥೆ, ಅದು ಅವಳದಲ್ಲ ಎಂದು ಗೊತ್ತಾದದ್ದು, ಅವಳ ರಕ್ತದಲ್ಲಿ ಏನೂ ಕಾಣದೆ ಹೋದದ್ದು. ಅದನ್ನೆಲ್ಲ ಅವಳು ತಲೆ ಆಡಿಸುತ್ತ ಕೇಳಿದಳು. ಯಂತ್ರಕ್ಕೆ ಕಾಣದಿರುವುದು ಅವಳಿಗೆ ಹೊಸದಲ್ಲ. ಹಾಲಿಗೆ ನೀರು ಹಾಕಿರೋದು ನಮ್ಮ ಮಿಷಿನ್ನಿಗೆ ತಿಳೀತದೆ, ಹಸೂಗೆ ಏನಾಗೈತೆ ಅಂತ ತಿಳಿಯಲ್ಲ ಎಂದಳು. ಯಾರದೋ ಹಾಲು ಒಂದಿನ ಹೆಚ್ಚುಕಮ್ಮಿ ಬಂದ್ರೆ ನಾವು ಅದನ್ನ ಬಿಟ್ಟು ಮುಂದಕ್ಕೆ ಹೋಗಲ್ಲ ಕಣೇ, ಇನ್ನೊಂದ್ಸಲ ತೆಗೀತೀವಿ, ಆಗ್ಲಿಲ್ಲಾಂದ್ರೆ ಆ ಮನೆ ಕೊಟ್ಟಿಗೆಗೇ ಹೋಗಿ ನೋಡ್ತೀವಿ ಎಂದೂ ಹೇಳಿದಳು.

ಆಮೇಲೆ ಒಂಬತ್ತನೆಯ ಪ್ರಶ್ನೆಯ ವಿಷಯ ಹೇಳಿದೆ. ಅದರ ಕೆಳಗೆ ಅಚ್ಚಾಗಿದ್ದದ್ದನ್ನೂ, ಎಲ್ಲರನ್ನೂ ಮನೆಗೆ ಹೋಗಿ ಮತ್ತೆ ಕೇಳಬೇಕಾಗಿದೆ ಎನ್ನುವುದನ್ನೂ ಹೇಳಿದೆ.

ಅವಳ ಕೈ ನಿಂತಿತು. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು, ನಿಲ್ಲಿಸಿದಳು. ಒಣಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡಳು.

“ಶಿವರಾತ್ರಿಗೇ ಗೊತ್ತಾಗಿದ್ರೆ ಆಪರೇಷನ್ ಆಗ್ತಿತ್ತಾ?”

“ಆಗ್ತಿತ್ತೇನೋ ಅತ್ತೆ. ಖಂಡಿತ ಅಂತ ಹೇಳಕ್ಕೆ ಬರಲ್ಲ.”

ಆ ಕೆಮ್ಮು ಸಂಕ್ರಾಂತಿಗೂ ಮುಂಚಿನಿಂದಲೇ ಇತ್ತಂತೆ.

“ಧೂಳು ಅಂದೋಳು ನಾನೇ,” ಎಂದಳು. “ನಾನು ಓದಿಲ್ಲ, ನಂಗೆ ಧೂಳು ಅಂತಾನೇ ಕಂಡಿದ್ದು. ನೀನು ಓದಿದೋಳು. ನೀನು ಕೇಳ್ಬೇಕಿತ್ತು ಕಣೇ.”

ನನ್ನನ್ನು ದಾಟಿಕೊಂಡು ಹೊರಗೆ ಹೋದಳು. ನಾನು ಹಿಂದೆಯೇ ಮನೆಗೆ ಹೋದಾಗ ಒಳಗೆ ಮಲಗಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ ಎಂದಳು ಸೊಸೆ. ನಿದ್ದೆಯಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅರಸೀಕೆರೆಗೆ ಬಂದು ಅಪ್ಪನಿಗೂ ಹೇಳಿದೆ. ಅವರು ಕೊಬ್ಬರಿ ಚೀಲದ ಮೇಲೆ ಕೈಯೂರಿಕೊಂಡು ಕೇಳಿ, ಇಷ್ಟು ವರ್ಷ ಮೈಸೂರಿಗೆ ಓಡಾಡಿ ಕಲಿತದ್ದು ಇದೇನಾ ಎಂದರು. ಆಮೇಲೆ ಹಲವು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅತ್ತೆಯ ಫೋನು ಬಂದದ್ದು ಸಂಕ್ರಾಂತಿಗೆ ಎರಡು ದಿನ ಇರುವಾಗ. ನಿನ್ನ ಹಾಳೆ ತಗೊಂಡು ಬಾ, ಎಲ್ಲರ ಮನೆಗೂ ಹೋಗಬೇಕು ಅಂದಿದ್ದೆಯಲ್ಲ, ನಾನೂ ಬತ್ತೀನಿ ಎಂದಳು. ಒಪ್ಪಿಗೆಯ ಮಾತು ಅವಳೇ ಎತ್ತಿದಳು. “ನಂದೂ ಬರಿ. ನನ್ನ ರಕ್ತ ಏನೂ ಹೇಳ್ಲಿಲ್ಲ ಅಂತ ಬರಿ. ನೀನು ಕೇಳ್ಲಿಲ್ಲ ಅಂತಾನೂ ಬರಿ. ಒಂದು ಬರ್ದು ಇನ್ನೊಂದು ಬಿಡ್ಬೇಡ.”

ಆ ಚಳಿಯಲ್ಲಿ ನಾವಿಬ್ಬರೂ ಮಾದಿಹಳ್ಳಿಯ ಮನೆಮನೆಗೆ ಹೋದೆವು. ಅತ್ತೆಗೆ ಬೇಗ ಏದುಸಿರು ಬರುತ್ತಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ನಡುವೆ ಯಾರದಾದರೂ ಜಗಲಿಯಲ್ಲಿ ಕೂತು, ಉಸಿರು ಸಮ ಮಾಡಿಕೊಂಡು ಏಳುತ್ತಿದ್ದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಮನೆಯವರು ಹಾಲು ಕೊಟ್ಟರೆ ಕುಡಿದು, ಹಸುವಿನ ಸಮಾಚಾರ ಕೇಳಿ, ಆಮೇಲೆ ನನ್ನ ಕಡೆ ನೋಡುತ್ತಿದ್ದಳು. ನಾನು ಹದಿನಾಲ್ಕು ಪ್ರಶ್ನೆಗಳನ್ನೂ ಓದುತ್ತಿದ್ದೆ. ದಿನಕ್ಕೆ ಮೂರು ಮನೆ, ಹೆಚ್ಚೆಂದರೆ ನಾಲ್ಕು.

ಲಲಿತಮ್ಮನ ಮನೆಗೆ ಹೋಗುವುದು ನನಗೆ ಬೇಕಿರಲಿಲ್ಲ. ನಾನೊಬ್ಬಳೇ ಹೋಗುತ್ತೇನೆ ಎಂದರೂ ಅತ್ತೆ ಕೇಳಲಿಲ್ಲ. ಲಲಿತಮ್ಮ ಚಾಪೆ ಹಾಕಿ ಗೋಡೆಗೆ ಒರಗಿ ನಿಂತಳು, ಕೂರಲಿಲ್ಲ. ಒಂಬತ್ತನೆಯ ಪ್ರಶ್ನೆಗೆ ಇಲ್ಲ ಎಂದಳು. ಅವಳ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ನಾನು ಬರೆಯಲಿಲ್ಲ; ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಲಲಿತಮ್ಮ ಕೆಮ್ಮು ತಡೆಯಲಾರದೆ ಹಿತ್ತಲಿಗೆ ಓಡಿದಳು. ಬಂದಾಗ ಕಣ್ಣಲ್ಲಿ ನೀರಿತ್ತು. ದೀಪಾವಳಿಯಿಂದ ಇದೆ ಎಂದಳು.

“ನಿಂಗೆ ನಾನು ಮಾಡಿದ್ದು ನಂಗೂ ಮಾಡ್ತಾರೆ ಅಂತ ಹೇಳ್ಲಿಲ್ಲ ಗಿರಿಜಕ್ಕ.”

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು, ಸೀರೆ ಉಟ್ಕೊ ನಡಿ, ಆಸ್ಪತ್ರೆ ಮಧ್ಯಾಹ್ನಕ್ಕೆ ಮುಚ್ತದೆ ಎಂದಳು. ಹಳೇಬೀಡಿಗೆ ಆಟೋದಲ್ಲಿ ಮೂವರೂ ಹೋದೆವು. ಲಲಿತಮ್ಮನದು ನಿಜವಾಗಿಯೂ ಟಿಬಿಯಾಗಿತ್ತು, ಕಫದಲ್ಲೇ ಸಿಕ್ಕಿತು. ಆರು ತಿಂಗಳು ಮಾತ್ರೆ ನುಂಗಿ ವಾಸಿಯಾದಳು. ಹಾಲಿನ ಸಾಲಿನಲ್ಲಿ ಅವಳ ಕ್ಯಾನಿಗೆ ಯಾರಾದರೂ ಏನಾದರೂ ಅಂದಾರು ಎಂದು ಅತ್ತೆ ಮೊದಲೆರಡು ವಾರ ಅವಳ ಮಗಳ ಕೈಯಿಂದ ತಾನೇ ಕ್ಯಾನು ಇಸಿದುಕೊಂಡು, ಎಲ್ಲರೆದುರು ಅಳೆದಳು.

ಯುಗಾದಿಯವರೆಗೆ ಚೆನ್ನಾಗಿದ್ದಳು. ಅಪ್ಪ ಅವಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ ಒಂದು ಮದುವೆ ಊಟ ಮಾಡಿಸಿಕೊಂಡು ಬಂದರು. ನನ್ನ ಮೇಲಿನ ಅವಳ ಸಿಟ್ಟು ಹೋಯಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಹೋಯಿತು ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ, ಹೋಯಿತು ಅಂತ ಹೇಳು ಎಂದು ಅವಳನ್ನು ಒತ್ತಾಯಿಸಿದಂತೆ ಆಗುತ್ತಿತ್ತು.

ವೈಶಾಖದಲ್ಲಿ ತಲೆನೋವು ಶುರುವಾಯಿತು. ಆಮೇಲೆ ಮಾತು ತಪ್ಪಲು ಶುರುವಾಯಿತು. ಲೋಟಕ್ಕೆ ಬಾಗಿಲು ಎನ್ನುವಳು, ಸೊಸೆಯನ್ನು ತನ್ನ ಅಮ್ಮನ ಹೆಸರಿನಿಂದ ಕರೆಯುವಳು. ಸ್ಕ್ಯಾನಿನಲ್ಲಿ ಮೆದುಳಿನಲ್ಲಿ ಮೂರು ಕಡೆ ಗಂಟು ಕಂಡಿತು. ಕ್ಯಾನ್ಸರ್ ಕೋಶಗಳು ಪುಟ್ಟ ಪೊಟ್ಟಣಗಳಲ್ಲಿ ಇದೇ ತುಣುಕುಗಳನ್ನು ತುಂಬಿ ರಕ್ತಕ್ಕೆ ಬಿಡುತ್ತವೆ, ಅವು ಮೊದಲೇ ಹೋಗಿ ಮೆದುಳಿನ ಸುತ್ತಲಿನ ಕಾವಲನ್ನು ಸಡಿಲ ಮಾಡುತ್ತವೆ ಎಂದು ನಾನು ಓದಿದ್ದೆ. ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಅದರ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಆ ಪುಟಗಳನ್ನು ತಿದ್ದುತ್ತಿದ್ದ ದಿನಗಳಲ್ಲೇ ಅತ್ತೆಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದೆ. ಬರೆದದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಅದರಿಂದ ಅವಳಿಗೆ ಆಗುವ ಉಪಯೋಗವೂ ಏನಿರಲಿಲ್ಲ. ರೇಡಿಯೇಷನ್ ಕೊಡಿಸಿ ಗಂಟುಗಳನ್ನು ಸುಡಿಸಿದೆವು. ಒಂದು ತಿಂಗಳು ತಲೆನೋವು ಕಡಿಮೆಯಾಯಿತು, ಅಷ್ಟೆ.

ಶ್ರಾವಣದ ಒಂದು ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಂದಿತ್ತು, ಅವಳಿಗೆ ಚೆನ್ನಾಗಿ ಎಚ್ಚರವಿತ್ತು. ನನ್ನ ಮುಖವನ್ನೇ ನೋಡುತ್ತ ಹೆಸರಿಗಾಗಿ ಹುಡುಕಿದಳು, ಸಿಗಲಿಲ್ಲ. ಆದರೆ ಕೇಳಬೇಕಾದದ್ದು ಸಿಕ್ಕಿತು.

“ಎಲ್ರನ್ನೂ ಕೇಳ್ದಾ?”

“ಕೇಳ್ದೆ ಅತ್ತೆ. ಎಲ್ರನ್ನೂ ಕೇಳ್ದೆ.”

ಅವಳು ಕಣ್ಣು ಮುಚ್ಚಿಕೊಂಡಳು. ನಾನು ಹೇಳಿದ್ದು ಸುಳ್ಳು. ಮೂವತ್ತು ಮನೆ ಮುಗಿದಿತ್ತು, ಒಂದು ಉಳಿದಿತ್ತು. ನಂಜಪ್ಪ ಎಂಬ ಮುದುಕರು ನಾವು ಮನೆಮನೆಗೆ ಹೊರಡುವ ಮೊದಲೇ ಗಂಡಸಿಯ ಹತ್ತಿರ ಮಗಳ ಮನೆಗೆ ಹೋಗಿ ಅಲ್ಲೇ ಉಳಿದಿದ್ದರು. ಇವತ್ತು ನಾಳೆ ಎಂದು ನಾನು ಹೋಗಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ತೀರಿಕೊಂಡಳು. ಹಣೆಗೆ ವಿಭೂತಿ ಹಚ್ಚಿ, ಕೂರಿಸಿ, ತೋಟದಲ್ಲಿ ಮಾವನ ಪಕ್ಕದಲ್ಲೇ ಮಣ್ಣು ಮಾಡಿದೆವು. ಡೇರಿಗೆ ಅವತ್ತು ಯಾರೂ ಸಂಜೆಯ ಹಾಲು ತರಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಯಿತು. ಮಾರನೆಯ ದಿನ ಅರಸೀಕೆರೆಯಿಂದ ಗಂಡಸಿಯ ಬಸ್ಸು ಹತ್ತಿದೆ. ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಂಜಪ್ಪನವರು ತೆಂಗಿನ ಗರಿಯಿಂದ ಪೊರಕೆಕಡ್ಡಿ ಸೀಳುತ್ತ ಅಂಗಳದಲ್ಲಿ ಕೂತಿದ್ದರು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ರಕ್ತ ತಗೊಂಡೋರು, ಗಿರಿಜವ್ವನ ಸೋದರ ಸೊಸೆ ಅಲ್ವಾ ಎಂದು ಕತ್ತಿ ಪಕ್ಕಕ್ಕಿಟ್ಟು, ಮಗಳಿಗೆ ಕಾಫಿ ಇಡಲು ಹೇಳಿದರು.

“ಗಿರಿಜವ್ವ ಹೆಂಗವ್ಳೆ?”

ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದೆ. ಅವರು ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಗಿನಿಂದ ಮಗಳೂ ಬಂದು ಬಾಗಿಲಲ್ಲಿ ನಿಂತಳು. ಕಾಫಿ ಬಂತು, ಆರಿತು. ಆಮೇಲೆ ಅವರೇ, ಏನೋ ಕೇಳ್ಬೇಕು ಅಂತ ಬಂದೆಯಲ್ಲವ್ವ, ಕೇಳು ಎಂದರು.

ವಯಸ್ಸಿನಿಂದ ಶುರುಮಾಡಿ ಒಂದೊಂದಾಗಿ ಕೇಳುತ್ತ ಬಂದೆ. ಒಂಬತ್ತನೆಯದನ್ನೂ ಓದಿದೆ. ನಂಜಪ್ಪನವರು ಹೊಲದ ಕಡೆ ನೋಡುತ್ತ ನೆನಪು ಮಾಡಿಕೊಳ್ಳತೊಡಗಿದರು. ನಾನು ಪೆನ್ನನ್ನು ಹಾಳೆಯಿಂದ ಎತ್ತಿ, ಅವರ ಮುಖವನ್ನೇ ನೋಡುತ್ತ ಕಾದೆ.